ಮೊದಲ ಬ್ಲಾಗಿಗೆ ಯಾವ ನೆಲೆ? ಕನ್ನಡದಲ್ಲಿ ಬರೆಯುವವರಿಗೊಂದು ಹೋಲಿಕೆ

2012ರ ಆರಂಭದಲ್ಲಿ ಗೂಗಲ್ ಸಂಸ್ಥೆಯು ತನ್ನ ಬ್ಲಾಗರ್ ಸೇವೆಯ ತಾಣಗಳನ್ನು ಆಯಾ ದೇಶದ ವಿಳಾಸಗಳಿಗೆ ತಿರುಗಿಸತೊಡಗಿತು. ಭಾರತದಲ್ಲಿ ಕುಳಿತು ಬ್ಲಾಗರ್ ತಾಣಗಳ ಮೂಲ ವಿಳಾಸವಾದ ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ನ ಪುಟವೊಂದನ್ನು ತೆರೆದರೆ ಮೇಲಿನ ವಿಳಾಸಪಟ್ಟಿಯಲ್ಲಿ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂದು ಕಾಣಿಸುತ್ತಿತ್ತು. ನಮ್ಮಲ್ಲಿ ಅನೇಕರು ಅದನ್ನೇ ನಕಲು ಮಾಡಿ ಗೆಳೆಯರಿಗೆ ಕಳುಹಿಸಿದೆವು, ಇತರರ ಬ್ಲಾಗುಗಳ ಪಕ್ಕಪಟ್ಟಿಗೆ ಕೊಟ್ಟೆವು, ಪತ್ರಿಕೆಗೆ ಕಳುಹಿಸಿದ ಲೇಖನಗಳ ಕೆಳಗೆ ಬರೆದೆವು. 2018ರಲ್ಲಿ ಗೂಗಲ್ ಈ ಪದ್ಧತಿಯನ್ನು ಕೈಬಿಟ್ಟಿತು. 2020ರಲ್ಲಿ ಆ ‘ಇನ್’ ವಿಳಾಸವೇ ಅದರ ಕೈತಪ್ಪಿ ಬೇರೆಯವರ ಪಾಲಾಯಿತು. ಬರಹಗಳು ಮೂಲ ವಿಳಾಸದಲ್ಲಿ ಹಾಗೆಯೇ ಉಳಿದಿದ್ದವು. ಆದರೆ ಅಷ್ಟು ವರ್ಷಗಳಲ್ಲಿ ಹಂಚಿದ್ದ ಕೊಂಡಿಗಳನ್ನು ಒತ್ತಿದವರಿಗೆ ಅವು ಸಿಗದಂತಾದವು. ವರ್ಷಕ್ಕೆ ಒಂದಿಷ್ಟು ಹಣ ಕೊಟ್ಟು ತಮ್ಮದೇ ಹೆಸರಿನ ವಿಳಾಸವನ್ನು ಬ್ಲಾಗರ್‌ಗೆ ಜೋಡಿಸಿಕೊಂಡಿದ್ದವರಿಗೆ ಮಾತ್ರ ಈ ಗೊಡವೆಯೇ ಇರಲಿಲ್ಲ.

ಹೊಸದಾಗಿ ಬ್ಲಾಗ್ ಆರಂಭಿಸಬೇಕೆಂದಿರುವವರು ಸಾಮಾನ್ಯವಾಗಿ ಕೇಳುವುದು, ಯಾವುದು ಉಚಿತ, ಯಾವುದು ನೋಡಲು ಚೆಂದ, ಯಾವುದರಲ್ಲಿ ಹಣ ಬರುತ್ತದೆ ಎಂದು. ಈ ಹೋಲಿಕೆಯಲ್ಲಿ ನಾನು ಬೇರೆಯೇ ಅಳತೆಗೋಲನ್ನು ಬಳಸಿದ್ದೇನೆ. ಮುಂದೊಂದು ದಿನ ಈ ನೆಲೆಯನ್ನು ನೀವಾಗಿ ಬಿಟ್ಟು ಹೊರಡುವಿರಿ, ಇಲ್ಲವೇ ಅದೇ ನಿಮ್ಮನ್ನು ಒಕ್ಕಲೆಬ್ಬಿಸುತ್ತದೆ. ಆ ದಿನ ನಿಮ್ಮ ಜೊತೆ ಬರುವುದೇನು? ವಿಳಾಸ ಬರುತ್ತದೆಯೇ, ಚಿತ್ರಗಳೂ ಸೇರಿದಂತೆ ಬರಹಗಳ ಪೂರ್ಣ ಪ್ರತಿ ಬರುತ್ತದೆಯೇ, ಓದುಗರು ಬರುತ್ತಾರೆಯೇ? ಅಂದ, ಅನುಕೂಲ, ಖರ್ಚು ಇವೆಲ್ಲ ಈ ಮೂರರ ನಂತರದ ಮಾತು.

ಬ್ಲಾಗರ್

1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಸಂಸ್ಥೆಯಲ್ಲಿ ಹುಟ್ಟಿ, 2003ರಲ್ಲಿ ಗೂಗಲ್‌ನ ಸ್ವತ್ತಾದ ಬ್ಲಾಗರ್ ಕನ್ನಡ ಬ್ಲಾಗಿಗರ ಹಳೆಯ ನೆಲೆಗಳಲ್ಲೊಂದು. ಗೂಗಲ್ ಖಾತೆಯಿದ್ದರೆ ಹತ್ತು ನಿಮಿಷದಲ್ಲಿ ಮೊದಲ ಬರಹವನ್ನು ಪ್ರಕಟಿಸಬಹುದು. ನೀವು ಕೇಳದೆ ಅದು ನಿಮ್ಮ ಪುಟದಲ್ಲಿ ಜಾಹೀರಾತು ಹಾಕುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಬೇರೆಡೆ ಕೊಂಡ ಸ್ವಂತ ಡೊಮೇನನ್ನು, ಅಂದರೆ ನಿಮ್ಮದೇ ಹೆಸರಿನ ಜಾಲವಿಳಾಸವನ್ನು, ಜೋಡಿಸಿಕೊಳ್ಳಲು ಅದು ಒಂದು ಪೈಸೆಯನ್ನೂ ಕೇಳುವುದಿಲ್ಲ. ಜೋಡಿಸಿದ ಮೇಲೆ ಹಳೆಯ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದವರನ್ನೂ ತಾನಾಗಿಯೇ ಹೊಸ ವಿಳಾಸಕ್ಕೆ ಕಳುಹಿಸುತ್ತದೆ. ಉಚಿತ ಸೇವೆಗಳ ಪೈಕಿ ಇಷ್ಟು ಉದಾರವಾದ ವ್ಯವಸ್ಥೆ ಅಪರೂಪ.

ಇನ್ನು ದೋಷಗಳು. ಬ್ಲಾಗರ್‌ನ ಮೇಲೆ ಗೂಗಲ್‌ಗೆ ಈಗ ವಿಶೇಷ ಅಕ್ಕರೆಯೇನೂ ಉಳಿದಂತಿಲ್ಲ. ವಿನ್ಯಾಸಗಳು ಹಳೆಯವು, ಹೊಸ ಸೌಲಭ್ಯಗಳು ಅಪರೂಪ. ಗೂಗಲ್ ತನ್ನ ಸೇವೆಗಳನ್ನು ಮುಚ್ಚುವುದರಲ್ಲಿ ಸಂಕೋಚಪಡುವ ಸಂಸ್ಥೆಯೂ ಅಲ್ಲ: ಬ್ಲಾಗುಗಳನ್ನು ಓದಲು ಅನೇಕರು ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. 2021ರಲ್ಲಿ, ಹೊಸ ಬರಹಗಳನ್ನು ಓದುಗರಿಗೆ ತಲುಪಿಸುತ್ತಿದ್ದ ಗೂಗಲ್‌ನದೇ ಫೀಡ್‌ಬರ್ನರ್‌ನ ಇಮೇಲ್ ಸೇವೆ ನಿಂತಾಗ, ಅದನ್ನೇ ನಂಬಿದ್ದ ಬ್ಲಾಗರ್‌ನ ‘ಇಮೇಲ್ ಮೂಲಕ ಅನುಸರಿಸಿ’ ಎಂಬ ಪೆಟ್ಟಿಗೆಯೂ ನಿಷ್ಕ್ರಿಯವಾಯಿತು. ಮುನ್ಸೂಚನೆಯನ್ನು ಓದಿ ಚಂದಾದಾರರ ಪಟ್ಟಿಯನ್ನು ಇಳಿಸಿಕೊಂಡವರು ಓದುಗರನ್ನು ಉಳಿಸಿಕೊಂಡರು, ಓದದವರು ಕಳೆದುಕೊಂಡರು. ಇಂದಿಗೂ ಬ್ಲಾಗರ್‌ನಲ್ಲಿ ಹೊಸ ಬರಹವನ್ನು ಓದುಗರಿಗೆ ಇಮೇಲ್‌ನಲ್ಲಿ ತಲುಪಿಸಬೇಕೆಂದರೆ ಹೊರಗಿನ ಸೇವೆಯೊಂದನ್ನು ಕಟ್ಟಿಕೊಳ್ಳಬೇಕು.

ಪ್ರತಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಗುಂಡಿಯನ್ನು ಒತ್ತಿದರೆ ಬರಹಗಳೂ ಪ್ರತಿಕ್ರಿಯೆಗಳೂ ಇರುವ ಒಂದು ಕಡತ ಇಳಿಯುತ್ತದೆ, ಆದರೆ ಅದರಲ್ಲಿ ಚಿತ್ರಗಳಿರುವುದಿಲ್ಲ. ಚಿತ್ರಗಳ ವಿಳಾಸಗಳಷ್ಟೇ ಇರುತ್ತವೆ. ಆದ್ದರಿಂದ ಬ್ಲಾಗಿಗೆ ಹಾಕುವ ಪ್ರತಿಯೊಂದು ಛಾಯಾಚಿತ್ರದ ಮೂಲವನ್ನು ನಿಮ್ಮ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿ, ಬರಹದ ದಿನಾಂಕವನ್ನೇ ಹೆಸರಾಗಿಟ್ಟು, ಮೊದಲ ದಿನದಿಂದಲೇ ಇಟ್ಟುಕೊಳ್ಳುವುದು ಲೇಸು. ಇನ್ನೊಂದು ಸಂಗತಿ: ಬ್ಲಾಗರ್‌ನ ಬ್ಲಾಗ್ ನಿಮ್ಮ ಗೂಗಲ್ ಖಾತೆಗೆ ತಳುಕುಹಾಕಿಕೊಂಡಿರುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಬ್ಲಾಗಿಗೆಂದೇ ಬೇರೆ ಖಾತೆ ತೆರೆದು ಮರೆತುಬಿಡುವ ರೂಢಿ ನಮ್ಮಲ್ಲಿ ಇರುವುದರಿಂದ ಇದನ್ನು ಹೇಳುತ್ತಿದ್ದೇನೆ. ನೀವು ದಿನವೂ ಬಳಸುವ ಖಾತೆಯಲ್ಲೇ ಬ್ಲಾಗನ್ನು ತೆರೆಯಿರಿ, ಮನೆಯವರೊಬ್ಬರ ಖಾತೆಯನ್ನು ಎರಡನೆಯ ನಿರ್ವಾಹಕರಾಗಿ ಸೇರಿಸಿಡಿ. ತಂದೆಯ ಕಾಲಾನಂತರ ಅವರ ಬ್ಲಾಗಿನ ಒಂದು ಅಕ್ಷರದೋಷವನ್ನೂ ತಿದ್ದಲಾಗದೆ ಪೇಚಾಡಿದವರನ್ನು ನಾನು ಬಲ್ಲೆ.

ವರ್ಡ್‌ಪ್ರೆಸ್: ಒಂದು ಹೆಸರು, ಎರಡು ವಸ್ತು

ಹೊಸಬರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡಹುವುದು ಈ ಹೆಸರು. 2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ವರ್ಡ್‌ಪ್ರೆಸ್ ಎಂಬುದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ತಿದ್ದಬಹುದಾದ ಒಂದು ಮುಕ್ತ ತಂತ್ರಾಂಶ. ಅದನ್ನು ನಡೆಸಲು ಸರ್ವರ್, ಅಂದರೆ ಸದಾ ಜಾಲಕ್ಕೆ ಜೋಡಿಸಿಕೊಂಡಿರುವ ಕಂಪ್ಯೂಟರ್, ಬೇಕು. ಆ ಸರ್ವರನ್ನು ನೀವೇ ಬಾಡಿಗೆಗೆ ಪಡೆಯಬೇಕು. ‘ವರ್ಡ್‌ಪ್ರೆಸ್ ಡಾಟ್ ಕಾಮ್’ ಎಂಬುದು ಅದೇ ತಂತ್ರಾಂಶವನ್ನು ಬಳಸಿ ಆಟೊಮ್ಯಾಟಿಕ್ ಸಂಸ್ಥೆಯು 2005ರಿಂದ ನಡೆಸುತ್ತಿರುವ ಸೇವೆ. ‘ವರ್ಡ್‌ಪ್ರೆಸ್ ಒಳ್ಳೆಯದು’ ಎಂದು ಯಾರಾದರೂ ಹೇಳಿದರೆ ಯಾವುದು ಎಂದು ಮರುಪ್ರಶ್ನೆ ಕೇಳದೆ ಮುಂದುವರಿಯಬಾರದು. ಒಂದರ ಗುಣವನ್ನು ಕೇಳಿ ಇನ್ನೊಂದಕ್ಕೆ ಹಣ ಕಟ್ಟಿದವರುಂಟು.

ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲಿ ಬರೆಯುವ ಅನುಭವ ಬ್ಲಾಗರ್‌ಗಿಂತ ಸೊಗಸಾದದ್ದು. ವಿನ್ಯಾಸಗಳು ಹೊಸವು, ಮೊಬೈಲಿನಲ್ಲಿ ಪುಟಗಳು ಚೆನ್ನಾಗಿ ಕಾಣುತ್ತವೆ, ಪ್ರತಿಕ್ರಿಯೆಗಳಲ್ಲಿ ನುಸುಳುವ ಕಸವನ್ನು ಸೋಸುವ ವ್ಯವಸ್ಥೆ ಮೊದಲೇ ಇದೆ, ಓದುಗರು ಇಮೇಲ್ ಮೂಲಕ ಚಂದಾದಾರರಾಗುವ ಸೌಲಭ್ಯವೂ ಇದೆ. ಆದರೆ ಉಚಿತ ಖಾತೆಯ ಪುಟಗಳಲ್ಲಿ ಆ ಸಂಸ್ಥೆಯ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ, ಅವುಗಳ ಹಣ ನಿಮಗೆ ಬರುವುದಿಲ್ಲ. ಅಜ್ಜಿಯ ನೆನಪಿನ ಕುರಿತು ಬರೆದ ಪ್ರಬಂಧದ ನಡುವೆ ಸಾಲದ ಜಾಹೀರಾತು ಕಾಣುವುದನ್ನು ನೀವು ಸಹಿಸಬಲ್ಲಿರಾ ಎಂಬುದು ನಿಮಗೆ ಬಿಟ್ಟದ್ದು. ಸ್ವಂತ ಡೊಮೇನ್ ಜೋಡಿಸಬೇಕೆಂದರೆ ಹಣ ತೆರುವ ಯೋಜನೆಗೆ ಹೋಗಲೇಬೇಕು. ಮುಂದೆ ಬೇರೆಡೆಗೆ ಹೋದಾಗ ಹಳೆಯ ಉಚಿತ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳುಹಿಸಲೂ ಪ್ರತಿವರ್ಷ ಶುಲ್ಕ ಕಟ್ಟಬೇಕು. ನನ್ನ ಅಳತೆಗೋಲಿನಲ್ಲಿ ಇದು ಬ್ಲಾಗರ್‌ಗಿಂತ ಕೆಳಗೆ ನಿಲ್ಲುವುದು ಈ ಒಂದೇ ಕಾರಣಕ್ಕೆ.

ಸ್ವಂತ ಸರ್ವರಿನಲ್ಲಿ ನಡೆಸುವ ವರ್ಡ್‌ಪ್ರೆಸ್ ಈ ತೊಡಕುಗಳಿಂದ ಪೂರ್ತಿ ಮುಕ್ತ. ವಿಳಾಸ, ಬರಹ, ಚಿತ್ರ, ಓದುಗರ ಪಟ್ಟಿ ಎಲ್ಲವೂ ನಿಮ್ಮ ಕೈಯಲ್ಲೇ ಇರುತ್ತವೆ. ಸೇವೆ ಹಿಡಿಸದಿದ್ದರೆ ಇಡೀ ಕಟ್ಟನ್ನು ಎತ್ತಿಕೊಂಡು, ಸರ್ವರನ್ನು ಬಾಡಿಗೆಗೆ ಕೊಡುವ ಇನ್ನೊಂದು ಹೋಸ್ಟಿಂಗ್ ಸಂಸ್ಥೆಗೆ ಹೋಗಬಹುದು. ಇಷ್ಟೆಲ್ಲ ಗುಣವಿದ್ದರೂ ಮೊದಲ ಬ್ಲಾಗಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಇದರಲ್ಲಿ ಬರೆಯುವ ಕೆಲಸದ ಜೊತೆಗೆ ಇನ್ನೊಂದು ಕೆಲಸ ಹುಟ್ಟಿಕೊಳ್ಳುತ್ತದೆ: ತಂತ್ರಾಂಶವನ್ನೂ ಅದಕ್ಕೆ ಜೋಡಿಸಿಕೊಳ್ಳುವ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶಗಳನ್ನೂ ಆಗಾಗ ನವೀಕರಿಸುವುದು, ಪ್ರತಿ ತೆಗೆದಿಡುವುದು, ಕಳ್ಳಪ್ರವೇಶವನ್ನು ತಡೆಯುವುದು. ಈ ಪಾಠವನ್ನು ನಾನು ಕಲಿತದ್ದು ನನ್ನದೇ ಸೋಮಾರಿತನದಿಂದ. ಒಂದು ಪ್ಲಗಿನನ್ನು ತಿಂಗಳುಗಟ್ಟಲೆ ನವೀಕರಿಸದೆ ಬಿಟ್ಟಿದ್ದೆ; ಒಂದು ಬೆಳಗ್ಗೆ ನೋಡಿದರೆ ಮುಂಗಾರಿನ ಕುರಿತ ನನ್ನ ಬರಹದ ಅಡಿಯಲ್ಲಿ ಯಾವುದೋ ಭಾಷೆಯಲ್ಲಿ ಔಷಧ ಮಾರುವ ನೂರಾರು ಕೊಂಡಿಗಳು ತೂಗಾಡುತ್ತಿದ್ದವು. ಬ್ಯಾಕಪ್ ಇತ್ತು, ಆದರೆ ಅದೂ ಅದೇ ಸರ್ವರಿನಲ್ಲಿತ್ತು. ಹೋಸ್ಟಿಂಗ್ ಸಂಸ್ಥೆಯವರು ಖಾತೆಯನ್ನು ತಡೆಹಿಡಿದಾಗ ಎರಡೂ ಒಟ್ಟಿಗೇ ಕೈಗೆಟುಕದಾದವು. ಕೀಲಿಕೈಯನ್ನು ಪೆಟ್ಟಿಗೆಯ ಒಳಗೇ ಇಟ್ಟು ಬೀಗ ಒತ್ತಿದಂತಾಗಿತ್ತು.

ಖರ್ಚಿನ ಬಗೆಗೂ ಒಂದು ಮಾತು. ಹೋಸ್ಟಿಂಗ್ ಸಂಸ್ಥೆಗಳು ದೊಡ್ಡ ಅಕ್ಷರದಲ್ಲಿ ತೋರಿಸುವ ದರವು ಮೂರು–ನಾಲ್ಕು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟಿದರೆ ಮಾತ್ರ ಸಿಗುವ ಮೊದಲ ಅವಧಿಯ ದರವಾಗಿರುವುದೇ ಹೆಚ್ಚು. ನವೀಕರಣದ ದರ ಅದಕ್ಕಿಂತ ಬಹಳ ಮೇಲಿರುತ್ತದೆ. ಡೊಮೇನ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಳ್ಳುವ ಮುನ್ನ ಎರಡನೆಯ ಅವಧಿಯ ದರವನ್ನು ಹುಡುಕಿ ಓದಿ, ಅದನ್ನೇ ನಿಜವಾದ ಬೆಲೆಯೆಂದು ಲೆಕ್ಕಹಾಕಿಕೊಳ್ಳಿ.

ಕನ್ನಡ ಶೀರ್ಷಿಕೆ ಮತ್ತು ಕೊಂಡಿಯ ಪಾಡು

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಕಾಣಸಿಗದ, ಆದರೆ ಕನ್ನಡದಲ್ಲಿ ಬರೆಯುವವರು ಮೊದಲ ವಾರದಲ್ಲೇ ಎಡವುವ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬರಹಕ್ಕೆ ಶೀರ್ಷಿಕೆ ಕೊಟ್ಟೊಡನೆ ಈ ಸೇವೆಗಳು ಅದರಿಂದಲೇ ಬರಹದ ವಿಳಾಸವನ್ನು ಕಟ್ಟಿಕೊಳ್ಳುತ್ತವೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಪ್ಪುತ್ತವೆ.

ಬ್ಲಾಗರ್ ಕನ್ನಡ ಅಕ್ಷರಗಳನ್ನು ಪೂರ್ತಿಯಾಗಿ ಕೈಬಿಡುತ್ತದೆ. ವರ್ಷ ಮತ್ತು ತಿಂಗಳಿನ ನಂತರ ‘ಬ್ಲಾಗ್-ಪೋಸ್ಟ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ಹಾಕಿ, ಅದೇ ತಿಂಗಳಿನ ಮುಂದಿನ ಬರಹಗಳಿಗೆ ಒಂದು ಸಂಖ್ಯೆಯನ್ನು ಸೇರಿಸುತ್ತದೆ. ಹೀಗಾಗಿ ಕನ್ನಡ ಬ್ಲಾಗೊಂದರ ಇನ್ನೂರು ಬರಹಗಳ ವಿಳಾಸಗಳು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಕಾಣುತ್ತವೆ. ಕೊಂಡಿಯನ್ನು ನೋಡಿ ಅದು ಪದ್ಯವೋ ಪ್ರವಾಸಕಥನವೋ ತಿಳಿಯುವುದಿಲ್ಲ.

ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಅದು ಉಳಿಯುವ ರೀತಿ ಬೇರೆ. ಎಲ್ಲ ಭಾಷೆಗಳ ಲಿಪಿಗಳಿಗೂ ಕಂಪ್ಯೂಟರುಗಳು ಬಳಸುವ ಸಮಾನ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಸಂಕೇತವನ್ನು, ಅಂದರೆ ಮೂಲಾಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು ಇವುಗಳಲ್ಲಿ ಒಂದೊಂದನ್ನೂ, ಮೂರು ಬೈಟ್‌ಗಳಲ್ಲಿ ಬರೆಯಲಾಗುತ್ತದೆ. ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆಯೊಡನೆ ಮೂರು ಸ್ಥಾನಗಳನ್ನು ತಿನ್ನುತ್ತದೆ. ಎಂದರೆ ಒಂದು ಸಂಕೇತಕ್ಕೆ ಒಂಬತ್ತು ಸ್ಥಾನ. ‘ನಮ್ಮೂರಿನ ಹಳೆಯ ಸೇತುವೆ’ ಎಂಬ ಪುಟ್ಟ ಶೀರ್ಷಿಕೆಯಲ್ಲಿ ಇಂತಹ 18 ಸಂಕೇತಗಳಿವೆ; ನಡುವಿನ ಎರಡು ಅಡ್ಡಗೆರೆಗಳನ್ನು ಸೇರಿಸಿದರೆ ವಿಳಾಸದಲ್ಲಿ ಅದು 164 ಸ್ಥಾನಗಳಷ್ಟು ಉದ್ದವಾಗುತ್ತದೆ. ಬ್ರೌಸರಿನಲ್ಲಿ ಕನ್ನಡವಾಗಿಯೇ ಕಂಡರೂ ನಕಲು ಮಾಡಿ ವಾಟ್ಸ್ಯಾಪ್‌ನಲ್ಲಿ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಮೆರವಣಿಗೆ ಹೊರಡುತ್ತದೆ, ನೋಡಿದವರು ಯಾವುದೋ ವಂಚನೆಯ ಕೊಂಡಿಯೆಂದು ಹೆದರಿ ಒತ್ತುವುದೇ ಇಲ್ಲ. ಮೇಲಾಗಿ ವರ್ಡ್‌ಪ್ರೆಸ್ ಈ ಭಾಗಕ್ಕೆ 200 ಸ್ಥಾನಗಳ ಮಿತಿಯನ್ನು ಇಟ್ಟಿದೆ. ಕನ್ನಡದ 22 ಸಂಕೇತಗಳಿಗೆ ಅದು ಮುಗಿದುಹೋಗುವುದರಿಂದ ಉದ್ದನೆಯ ಶೀರ್ಷಿಕೆಗಳು ಪದದ ನಡುವೆಯೇ ತುಂಡಾಗುತ್ತವೆ.

ಪರಿಹಾರ ಎರಡರಲ್ಲೂ ಒಂದೇ: ಪ್ರಕಟಿಸುವ ಮುನ್ನ ಬರಹದ ವಿಳಾಸದ ಪೆಟ್ಟಿಗೆಯನ್ನು ತೆರೆದು ಇಂಗ್ಲಿಷ್ ಲಿಪಿಯಲ್ಲಿ ಎರಡು–ಮೂರು ಪದಗಳ ಚಿಕ್ಕ ವಿಳಾಸವನ್ನು ನೀವೇ ಬರೆಯುವುದು. ಪ್ರಕಟಿಸಿದ ಮೇಲೆ ಬದಲಿಸಿದರೆ ಈಗಾಗಲೇ ಹಂಚಿದ ಕೊಂಡಿಗಳು ಮುರಿಯುವ ಅಪಾಯವಿದೆ. ಆದ್ದರಿಂದ ಇದನ್ನು ಮೊದಲ ಬರಹದಿಂದಲೇ ರೂಢಿಸಿಕೊಳ್ಳಬೇಕು.

ಬ್ಲಾಗಿನ ಹೆಸರಿಗೂ ಇದೇ ಜಾಗರೂಕತೆ ಬೇಕು. ಇಂಗ್ಲಿಷ್ ಲಿಪಿಯಲ್ಲಿ ಲಕಾರ–ಳಕಾರಗಳ, ಹ್ರಸ್ವ–ದೀರ್ಘಗಳ ಭೇದ ಉಳಿಯುವುದಿಲ್ಲ. ‘ಮಳೆ’ ಎಂದು ಅಕ್ಕರೆಯಿಂದ ಹೆಸರಿಟ್ಟರೆ ಒಬ್ಬರು ಅದನ್ನು ‘ಮಲೆ’ ಎಂದು, ಇನ್ನೊಬ್ಬರು ‘ಮಾಲೆ’ ಎಂದು ಓದುತ್ತಾರೆ, ಇಂಗ್ಲಿಷ್ ಬಲ್ಲವರು ಗಂಡು ಎಂದು ಅರ್ಥಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳಬಲ್ಲ ಹೆಸರನ್ನೇ ಆರಿಸಬೇಕು. ‘ಡಾಟ್ ಭಾರತ’ ಎಂಬ ಕನ್ನಡ ಲಿಪಿಯ ಡೊಮೇನ್ ಲಭ್ಯವಿದೆ, ಅದನ್ನು ಕೊಂಡು ಮುಖ್ಯ ವಿಳಾಸಕ್ಕೆ ತಿರುಗಿಸಿಟ್ಟುಕೊಳ್ಳುವುದು ಅಭಿಮಾನದ ಕೆಲಸವೂ ಹೌದು. ಆದರೆ ಎಷ್ಟೋ ಆ್ಯಪ್‌ಗಳೂ ಅರ್ಜಿಗಳೂ ಇಂತಹ ವಿಳಾಸವನ್ನು ಇನ್ನೂ ಸರಿಯಾಗಿ ಗುರುತಿಸದ ಕಾರಣ ಅದೊಂದನ್ನೇ ನೆಚ್ಚುವ ಕಾಲ ಬಂದಿಲ್ಲ.

ಸಬ್‌ಸ್ಟ್ಯಾಕ್, ಮೀಡಿಯಂ ಮತ್ತು ಇತರೆ

2017ರಲ್ಲಿ ಆರಂಭವಾದ ಸಬ್‌ಸ್ಟ್ಯಾಕ್‌ನಲ್ಲಿ ಬರಹವು ಪುಟವಾಗಿಯೂ ಇರುತ್ತದೆ, ಚಂದಾದಾರರಿಗೆ ಇಮೇಲ್ ಆಗಿಯೂ ಹೋಗುತ್ತದೆ. ನನ್ನ ಮೂರು ಪ್ರಶ್ನೆಗಳಲ್ಲಿ ಮೂರನೆಯದಕ್ಕೆ, ಅಂದರೆ ಓದುಗರನ್ನು ಜೊತೆಗೆ ಕರೆದೊಯ್ಯುವ ವಿಷಯಕ್ಕೆ, ಹೊಸಬರು ಬಳಸಬಹುದಾದ ಉಚಿತ ಸೇವೆಗಳಲ್ಲಿ ಅತ್ಯುತ್ತಮ ಉತ್ತರ ಕೊಡುವುದು ಇದೇ: ಚಂದಾದಾರರ ಇಮೇಲ್ ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಂಡು ಹೋಗಬಹುದು. ಸ್ವಂತ ಡೊಮೇನ್ ಜೋಡಿಸಲು ಒಮ್ಮೆ ಮಾತ್ರ 50 ಡಾಲರ್ ಕೊಡಬೇಕು. ಚಂದಾ ಹಣ ಸಂಗ್ರಹಿಸಿದರೆ ಅದರಲ್ಲಿ ಶೇಕಡಾ 10ನ್ನು ಸಂಸ್ಥೆಯು ಇಟ್ಟುಕೊಳ್ಳುತ್ತದೆ. ಆದರೆ ಈ ಹಣ ಬರುವುದು ಸ್ಟ್ರೈಪ್ ಎಂಬ ಪಾವತಿ ಸೇವೆಯ ಮೂಲಕ; 2024ರಿಂದ ಸ್ಟ್ರೈಪ್ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನದ ಮೇರೆಗೆ ಮಾತ್ರ ನೀಡುತ್ತಿದೆ. ಆದ್ದರಿಂದ ಹಣ ಕೊಡುವ ಓದುಗರ ಕನಸು ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿರುವ ಕನ್ನಡಿಗ ಬರಹಗಾರರಿಗೆ ಕೈಗೂಡಬಹುದೇ ಹೊರತು ಧಾರವಾಡದಲ್ಲಿ ಕುಳಿತು ಬರೆಯುವವರಿಗೆ ಸದ್ಯಕ್ಕೆ ಸುಲಭವಲ್ಲ. ಉಚಿತವಾಗಿ ಬರೆಯಲು ಯಾವ ಅಡ್ಡಿಯೂ ಇಲ್ಲ. ನಿಮಗೆ ಈಗಾಗಲೇ ಐವತ್ತು–ನೂರು ಜನ ಪರಿಚಿತ ಓದುಗರಿದ್ದು, ವಾರಕ್ಕೊಂದು ನಿಗದಿತ ದಿನ ಬರೆಯುವ ಶಿಸ್ತೂ ಇದ್ದರೆ ಸಬ್‌ಸ್ಟ್ಯಾಕ್ ಬಹಳ ಚೆನ್ನ. ತಿಂಗಳುಗಟ್ಟಲೆ ಮೌನವಾಗಿದ್ದು ಆಮೇಲೆ ಒಂದೇ ವಾರದಲ್ಲಿ ಐದು ಬರಹ ಹಾಕುವ ಸ್ವಭಾವದವರು ಓದುಗರ ಅಂಚೆಪೆಟ್ಟಿಗೆಗೆ ನುಗ್ಗದಿರುವುದು ಒಳ್ಳೆಯದು.

ಎಲ್ಲರ ಬರಹಗಳೂ ಒಂದೇ ತಾಣದಲ್ಲಿ ಪ್ರಕಟವಾಗುವ ಮೀಡಿಯಂ ಅನ್ನು ಕನ್ನಡದವರು ಪರಿಗಣಿಸಲು ನನಗೆ ಬಲವಾದ ಕಾರಣ ಕಾಣುವುದಿಲ್ಲ. ಅದರ ಪುಟಗಳು ಸುಂದರ. ಆದರೆ ಅಲ್ಲಿ ಹೊಸ ಬರಹಗಾರರಿಗೆ ಸಿಗುವ ಲಾಭವೆಂದರೆ ಅಲ್ಲಿಯೇ ನೆರೆದಿರುವ ಓದುಗರು, ಮತ್ತು ಆ ಓದುಗರು ಬಹುತೇಕ ಇಂಗ್ಲಿಷಿನವರು. ಅದರ ‘ಓದಲು ಇಷ್ಟು ನಿಮಿಷ’ ಎಂಬ ಲೆಕ್ಕವೂ ನಮ್ಮ ಭಾಷೆಗೆ ಹೊಂದುವುದಿಲ್ಲ. ನಿಮಿಷಕ್ಕೆ 265 ಪದ ಎಂಬ ಅಂದಾಜಿನ ಮೇಲೆ ನಿಂತ ಲೆಕ್ಕ ಅದು. ‘ಹೇಳಿಕೊಳ್ಳಬೇಕಾಗಿತ್ತೆಂದು’ ಎಂಬುದನ್ನೂ ಒಂದೇ ಪದವಾಗಿ ಎಣಿಸುವ ಕನ್ನಡದಲ್ಲಿ ಅದು ತೋರಿಸುವ ನಿಮಿಷಗಳನ್ನು ಯಾರೂ ನಂಬಬೇಕಾಗಿಲ್ಲ.

ಧಾರಾವಾಹಿಯಂತೆ ಕಥೆ ಬರೆಯುವವರ ಮಾತು ಬೇರೆ. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಪ್ರತಿಲಿಪಿ ಎಂಬ ಕಥೆಗಳ ತಾಣದಲ್ಲಿ ಕನ್ನಡ ಕಥೆಗಳಿಗಾಗಿಯೇ ಬರುವ ಓದುಗರಿದ್ದಾರೆ. ಬ್ಲಾಗಿನಲ್ಲಿ ವರ್ಷವಿಡೀ ಸಿಗದ ಓದು ಅಲ್ಲಿ ತಿಂಗಳಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಅಲ್ಲಿ ಬರೆಯಿರಿ, ಮೂಲಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಂಡು ಬರೆಯಿರಿ. ಫೇಸ್‌ಬುಕ್ ಗೋಡೆಯನ್ನೇ ಬ್ಲಾಗಾಗಿ ಬಳಸುವವರು ಬಹಳ. ಕಳೆದ ದೀಪಾವಳಿಯಲ್ಲಿ ತಾವೇ ಬರೆದದ್ದನ್ನು ಈಗ ಹುಡುಕಿ ತೆಗೆಯಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂದು ಒಮ್ಮೆ ನೋಡಿಕೊಂಡರೆ ಸಾಕು.

ಸ್ಥಿರ ಪುಟಗಳ ತಾಣ

ಹ್ಯೂಗೊ, ಜೆಕಿಲ್ ಮೊದಲಾದ ತಂತ್ರಾಂಶಗಳು ಸರಳ ಪಠ್ಯಕಡತಗಳಿಂದ ಇಡೀ ತಾಣವನ್ನು ಕಟ್ಟಿಕೊಡುತ್ತವೆ. ಅದನ್ನು ಗಿಟ್‌ಹಬ್ ಪೇಜಸ್‌ನಂತಹ ಸೇವೆಯಲ್ಲಿ ಉಚಿತವಾಗಿ ಇರಿಸಬಹುದು, ಸ್ವಂತ ಡೊಮೇನನ್ನೂ ಉಚಿತವಾಗಿ ಜೋಡಿಸಬಹುದು. ತಾಣದ ಗಾತ್ರಕ್ಕೆ ಅಲ್ಲಿರುವ ಒಂದು ಗಿಗಾಬೈಟಿನ ಮಿತಿ ಬರಹವೇ ಪ್ರಧಾನವಾದ ಬ್ಲಾಗಿಗೆ ಧಾರಾಳವಾಯಿತು. ಬಿಟ್ಟುಹೊರಡುವ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಏಕೆಂದರೆ ಮೂಲವೇ ನಿಮ್ಮ ಕಂಪ್ಯೂಟರಿನಲ್ಲಿರುತ್ತದೆ, ಜಾಲದಲ್ಲಿರುವುದು ಅದರ ನಕಲು. ಡೇಟಾಬೇಸ್ ಇಲ್ಲದ್ದರಿಂದ ನನ್ನ ಔಷಧದ ಕೊಂಡಿಗಳಂತಹ ಫಜೀತಿಗೂ ಅವಕಾಶ ತೀರಾ ಕಡಿಮೆ. ಆದರೆ ಕಮಾಂಡ್‌ಗಳನ್ನು ಟೈಪಿಸುವುದು ಗೊತ್ತಿರಬೇಕು, ಮೊಬೈಲಿನಿಂದ ಬರೆದು ಹಾಕುವುದು ಕಷ್ಟ, ಪ್ರತಿಕ್ರಿಯೆಗಳಿಗೆ ಹೊರಗಿನ ಸೇವೆಯನ್ನು ಅವಲಂಬಿಸಬೇಕು. ಸಾಫ್ಟ್‌ವೇರ್ ವೃತ್ತಿಯಲ್ಲಿರುವ ಕನ್ನಡಿಗರಿಗೆ ಇದು ಹೇಳಿಮಾಡಿಸಿದಂತಿದೆ, ಒಂದು ಅಪಾಯವನ್ನು ಬಿಟ್ಟರೆ: ಇಂತಹವರು ತಾಣವನ್ನು ಆರು ತಿಂಗಳು ಕಟ್ಟಿ, ‘ನಮಸ್ಕಾರ’ ಎಂಬ ಒಂದೇ ಬರಹ ಹಾಕಿ, ಮತ್ತೆ ತಾಣದ ವಿನ್ಯಾಸವನ್ನು ಬದಲಿಸಲು ಕೂರುತ್ತಾರೆ.

ಅಕ್ಷರಗಳು ಕಾಣುವ ಬಗೆ

ಯಾವ ನೆಲೆಯನ್ನು ಆರಿಸಿದರೂ ಪಠ್ಯವು ಯೂನಿಕೋಡ್‌ನಲ್ಲೇ ಇರಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿಟ್ಟ ಕಡತಗಳನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲು ಪರಿವರ್ತಿಸಿ, ಆಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಒಮ್ಮೆ ಕಣ್ಣಾರೆ ತಿದ್ದಬೇಕು. ವಿನ್ಯಾಸವನ್ನು ಆರಿಸುವಾಗ ಅದರ ಮಾದರಿ ಪುಟದ ಇಂಗ್ಲಿಷ್ ಪಠ್ಯವನ್ನು ನೋಡಿ ಮರುಳಾಗದೆ, ನಿಮ್ಮದೇ ಒಂದು ಕಂಡಿಕೆಯನ್ನು ಹಾಕಿ ನೋಡಿ. ಕನ್ನಡದಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಹೊಂದಿಸಿದ ಸಾಲಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಇಟ್ಟರೆ ಓದು ಹಗುರಾಗುತ್ತದೆ. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ ಮೊದಲಾದ ಒಳ್ಳೆಯ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬ್ಲಾಗರ್‌ನಲ್ಲಿ ವಿನ್ಯಾಸದ ಕೋಡಿಗೆ ಎರಡು ಸಾಲು ಸೇರಿಸಿ ಇವನ್ನು ಬಳಸಬಹುದು. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲಿ ಇಂತಹ ಬದಲಾವಣೆಗೆ ಅವಕಾಶ ಸೀಮಿತ.

ಯಾರಿಗೆ ಯಾವುದು

ನಿವೃತ್ತಿಯ ನಂತರ ನೆನಪುಗಳನ್ನು ಬರೆಯಲು ಕುಳಿತ ಮೇಷ್ಟರಿಗೂ, ಪ್ರವಾಸ, ಅಡುಗೆ, ಪುಸ್ತಕಗಳ ಕುರಿತು ಬಿಡುವಿದ್ದಾಗ ಬರೆಯುವವರಿಗೂ, ಕವಿತೆಗಳನ್ನು ಒಂದೆಡೆ ಕೂಡಿಡಬೇಕೆನ್ನುವವರಿಗೂ ನನ್ನ ಸಲಹೆ ಬ್ಲಾಗರ್, ಅದೂ ಸ್ವಂತ ಡೊಮೇನ್ ಜೋಡಿಸಿದ ಬ್ಲಾಗರ್. ‘ಇನ್’ ಅಥವಾ ‘ಕಾಮ್’ ಡೊಮೇನೊಂದಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು ಬರುತ್ತದೆ. ಇಡೀ ವ್ಯವಸ್ಥೆಗೆ ತಗಲುವ ವೆಚ್ಚ ಅಷ್ಟೇ. ಡೊಮೇನನ್ನು ನಿಮ್ಮ ಹೆಸರಿನಲ್ಲೇ, ನಿಮ್ಮದೇ ಇಮೇಲ್ ಕೊಟ್ಟು ಕೊಳ್ಳಿ. ತಾಣ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ನೋಂದಣಿಯಾದ ಡೊಮೇನ್, ಅವನು ಕೆಲಸ ಬದಲಿಸಿ ಊರು ಬಿಟ್ಟ ದಿನ ಅವನ ಜೊತೆಗೇ ಹೋಗುತ್ತದೆ.

ಡೊಮೇನ್‌ಗೂ ಹಣ ಹಾಕಲು ಮನಸ್ಸಿಲ್ಲದಿದ್ದರೂ ಬ್ಲಾಗರ್‌ನಲ್ಲೇ ಶುರುಮಾಡುವುದು ವಾಸಿ. ವಲಸೆಯ ದಾರಿ ಇಲ್ಲಿ ಒಂದೇ ದಿಕ್ಕಿನಲ್ಲಿ ಸುಗಮವಾಗಿದೆ: ಬ್ಲಾಗರ್‌ನ ಬರಹಗಳನ್ನು ಆಮದು ಮಾಡಿಕೊಳ್ಳುವ ಸಲಕರಣೆ ವರ್ಡ್‌ಪ್ರೆಸ್‌ನಲ್ಲಿದೆ, ವರ್ಡ್‌ಪ್ರೆಸ್‌ನ ಕಡತವನ್ನು ನೇರವಾಗಿ ಓದಿಕೊಳ್ಳುವ ಸಲಕರಣೆ ಬ್ಲಾಗರ್‌ನಲ್ಲಿಲ್ಲ. ವಾರಕ್ಕೊಮ್ಮೆ ತಪ್ಪದೆ ಬರೆಯುವ, ಓದುಗರ ಜೊತೆ ಪತ್ರವ್ಯವಹಾರದ ಸಂಬಂಧ ಬಯಸುವ ಬರಹಗಾರರು ಸಬ್‌ಸ್ಟ್ಯಾಕ್‌ಗೆ ಹೋಗಬಹುದು. ನಾಲ್ಕಾರು ಗೆಳೆಯರು ಸೇರಿ ಪತ್ರಿಕೆಯಂತಹದನ್ನು ನಡೆಸುವುದಾದರೆ, ವಿಭಾಗಗಳು, ಹಲವು ಲೇಖಕರು, ಹಳೆಯ ಸಂಚಿಕೆಗಳ ಹುಡುಕಾಟ ಇವೆಲ್ಲ ಬೇಕಾದರೆ ಮಾತ್ರ ಸ್ವಂತ ಸರ್ವರಿನ ವರ್ಡ್‌ಪ್ರೆಸ್ ಸಾರ್ಥಕ. ಆಗಲೂ ಅದರ ನಿಗಾ ನೋಡುವವರು ಯಾರೆಂದು ಮೊದಲೇ ಹೆಸರು ಹೇಳಿ ಗೊತ್ತುಮಾಡಿಕೊಳ್ಳಬೇಕು.

ಜಾಹೀರಾತಿನ ಆದಾಯವನ್ನು ನಾನು ಈ ಹೋಲಿಕೆಯಿಂದ ಬೇಕೆಂದೇ ಹೊರಗಿಟ್ಟೆ. ಆರಂಭದ ವರ್ಷಗಳಲ್ಲಿ ವೈಯಕ್ತಿಕ ಕನ್ನಡ ಬ್ಲಾಗಿಗೆ ಬರುವ ಓದುಗರ ಸಂಖ್ಯೆಯು ಡೊಮೇನ್‌ನ ಖರ್ಚನ್ನು ಹುಟ್ಟಿಸುವುದೂ ಅನುಮಾನ.

ಕಥೆ, ಕವಿತೆ ಬರೆಯುವವರು ‘ಪ್ರಕಟಿಸು’ ಗುಂಡಿಯನ್ನು ಒತ್ತುವ ಮುನ್ನ ಇನ್ನೊಂದನ್ನು ಯೋಚಿಸಬೇಕು. ನಮ್ಮ ಪತ್ರಿಕೆಗಳ ಹಲವು ಕಥಾ ಮತ್ತು ಕವನ ಸ್ಪರ್ಧೆಗಳ ನಿಯಮದಲ್ಲಿ, ಕೃತಿಯು ಬ್ಲಾಗ್ ಅಥವಾ ಸಾಮಾಜಿಕ ಜಾಲತಾಣಗಳಲ್ಲಿಯೂ ಪ್ರಕಟವಾಗಿರಬಾರದು ಎಂಬ ಸಾಲು ಇರುತ್ತದೆ. ಹಾಕಿ ಅಳಿಸಿದರೂ ಜಾಲದ ಯಾವುದಾದರೊಂದು ಸಂಗ್ರಹದಲ್ಲಿ ಅದರ ನಕಲು ಉಳಿದಿರುವ ಸಾಧ್ಯತೆಯಿದೆ. ಸ್ಪರ್ಧೆಗೆಂದು ಮನಸ್ಸಿನಲ್ಲಿಟ್ಟುಕೊಂಡ ಕಥೆಯನ್ನು ಫಲಿತಾಂಶ ಬರುವವರೆಗೂ ಕರಡಿನ ಪಟ್ಟಿಯಲ್ಲೇ ಇಡಿ. ಅಲ್ಲಿಯವರೆಗೆ ಬ್ಲಾಗಿಗೆ ನಿಮ್ಮೂರಿನ ಹಳೆಯ ಸೇತುವೆಯ ಕುರಿತು ಬರೆಯಬಹುದು.